ಗಿಟಾರಿನ ಮಾಡೆಲರಿಗೆ ಮನೆಯಲ್ಲಿ ಎಂಥ ಸ್ಪೀಕರು?

ಕೊಡಗಿನ ಕಕ್ಕಬೆಯಿಂದ ನಮ್ಮ ವಾಚಕರೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರ ಮಗಳು ಬೆಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎಲೆಕ್ಟ್ರಿಕ್ ಗಿಟಾರನ್ನು ಅಭ್ಯಾಸ ಮಾಡಿದಳು. ಈಗ ಊರಿಗೆ ಹಿಂದಿರುಗಿ, ತೋಟದ ಲೆಕ್ಕಪತ್ರಗಳನ್ನೂ ಮನೆಗೆ ಸೇರಿದ ಹೋಂಸ್ಟೇಯನ್ನೂ ನೋಡಿಕೊಳ್ಳುತ್ತ, ಬಿಡುವಾದಾಗ ವಾದ್ಯವನ್ನು ನುಡಿಸುತ್ತಿರುವಳಂತೆ. ಒಳ್ಳೆಮೆಣಸು ಮಾರಿದ ಹಣದಲ್ಲಿ ಅವಳಿಗೆ ಮಾಡೆಲರ್ ಎಂಬ ಡಿಜಿಟಲ್ ಪೆಟ್ಟಿಗೆಯೊಂದನ್ನು ತೆಗೆಸಿಕೊಟ್ಟಾಯಿತು. ಅದರ ಧ್ವನಿಯನ್ನು ಹೊರಡಿಸುವುದಕ್ಕೆ ಸ್ಪೀಕರು ಬೇಕು. ಅಂಗಡಿಯಲ್ಲಿ ವಿಚಾರಿಸಿದಾಗ ೨೦೦೦ ವಾಟ್ ಎಂದು ಮುದ್ರಿಸಿದ್ದ ದೊಡ್ಡ ಪೆಟ್ಟಿಗೆಯೊಂದನ್ನು ತೋರಿಸಿದರಂತೆ. ಮನೆಯಲ್ಲಾದರೋ ಪಕ್ಕದ ಕೋಣೆಯಲ್ಲಿ ವಯಸ್ಸಾದ ಅಜ್ಜಿ ಮಲಗುವರು. ಅಂಗಳದಾಚೆ, ತಡಿಯಂಡಮೋಳ್ ಬೆಟ್ಟವನ್ನು ಹತ್ತಿಳಿದು ದಣಿದ ಅತಿಥಿಗಳು ಮಲಗುವರು. "ಮಗಳ ಕೈ ಕಟ್ಟಲೂ ಮನಸ್ಸಿಲ್ಲ, ಮನೆಯವರ ನಿದ್ರೆ ಕೆಡಿಸಲೂ ಮನಸ್ಸಿಲ್ಲ; ತಪ್ಪಾದುದನ್ನು ಕೊಂಡು ಎರಡನೆಯ ಸಲ ಹಣ ಹಾಕುವ ಶಕ್ತಿ ಈ ವರ್ಷ ನಮಗಿಲ್ಲ" ಎಂದು ಪತ್ರವನ್ನು ಮುಗಿಸಿದ್ದಾರೆ.

ಪತ್ರವು ಒಂದು ಮನೆಯದಾದರೂ ಪ್ರಶ್ನೆಯು ಇಂದು ಎಷ್ಟೋ ಮನೆಗಳದು. ಆದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಈ ಮಾಡೆಲರ್ ಏನು ಮಾಡುವುದೆಂಬುದನ್ನು ತಿಳಿಯತಕ್ಕದ್ದು. ಅದನ್ನು ತಿಳಿದರೆ ಅರ್ಧ ಉತ್ತರವು ತಾನಾಗಿಯೇ ದೊರೆಯುವುದು. ಎಲೆಕ್ಟ್ರಿಕ್ ಗಿಟಾರು ತನ್ನಷ್ಟಕ್ಕೆ ಬಹುಮಟ್ಟಿಗೆ ಮೂಕವಾದ್ಯ. ತಂತಿಯ ಕಂಪನವನ್ನು ಅದರ ಮೈಮೇಲಿನ ಪಿಕಪ್ಪು ವಿದ್ಯುತ್ತಾಗಿ ಮಾರ್ಪಡಿಸುವುದು. ಆ ಕ್ಷೀಣವಾದ ವಿದ್ಯುತ್ತನ್ನು ಆಂಪ್ಲಿಫೈಯರು ಬೆಳೆಸುವುದು. ಸ್ಪೀಕರು ಅದನ್ನು ಮರಳಿ ಗಾಳಿಯ ಅಲೆಯಾಗಿ ಹೊರಡಿಸುವುದು. ಇಂದಿಗೂ ನಾವು ಬಳಸುತ್ತಿರುವ ಸುರುಳಿಯ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ೧೯೨೫ರಲ್ಲಿ ವಿವರಿಸಿದರು. ೧೯೩೨ರ ವೇಳೆಗೆ ರಿಕೆನ್‌ಬ್ಯಾಕರ್ ಸಂಸ್ಥೆಯ ಎಲೆಕ್ಟ್ರಿಕ್ ಗಿಟಾರು ಮಾರಾಟಕ್ಕೆ ಬಂದಿತು. ತರುವಾಯ ಕ್ಯಾಲಿಫೋರ್ನಿಯಾದ ಫೆಂಡರ್, ಇಂಗ್ಲೆಂಡಿನ ವಾಕ್ಸ್ ಮತ್ತು ಮಾರ್ಷಲ್ ಮೊದಲಾದವರ ವಾಲ್ವಿನ ಆಂಪ್ಲಿಫೈಯರುಗಳು ಲೋಕಪ್ರಸಿದ್ಧವಾದವು. ಅವುಗಳನ್ನು ಶಕ್ತಿಮೀರಿ ದುಡಿಸಿದಾಗ ಧ್ವನಿಯು ಒಡೆಯುತ್ತಿತ್ತು. ಇಂಜಿನಿಯರರು ದೋಷವೆಂದು ತಿಳಿದ ಅದನ್ನೇ ವಾದಕರು ಗುಣವೆಂದು ಹಿಡಿದುಕೊಂಡರು. ಅವುಗಳ ಹನ್ನೆರಡು ಅಂಗುಲದ ಕಾಗದದ ಸ್ಪೀಕರಾದರೂ ಸೆಕೆಂಡಿಗೆ ಸುಮಾರು ೫೦೦೦ ಕಂಪನಗಳಿಗಿಂತ ಮೇಲಿನ ಧ್ವನಿಯನ್ನು ಬೇಗನೆ ಕೈಬಿಡುತ್ತಿತ್ತು. ಹೀಗಾಗಿ ಒಡೆದ ಧ್ವನಿಯ ಕರ್ಕಶತೆಯೆಲ್ಲ ಅಲ್ಲಿಯೇ ಅಡಗಿ, ಕಿವಿಗೆ ಹಿತವಾದುದು ಮಾತ್ರ ಹೊರಬರುತ್ತಿತ್ತು. ವೀಣೆಗೆ ಕೊಡವು ಹೇಗೋ ಈ ಗಿಟಾರಿಗೆ ಅದರ ಸ್ಪೀಕರು ಹಾಗೆ. ಅದೂ ವಾದ್ಯದ ಒಂದು ಅಂಗವೇ ಆಗಿತ್ತು.

ಮಾಡೆಲರು ಈ ಪರಂಪರೆಯನ್ನೆಲ್ಲ ಲೆಕ್ಕದಿಂದ ಅನುಕರಿಸುವ ಯಂತ್ರ. ೧೯೯೮ರಲ್ಲಿ ಲೈನ್ ಸಿಕ್ಸ್ ಸಂಸ್ಥೆಯ ಪಾಡ್ ಎಂಬ ಸಣ್ಣ ಕೆಂಪು ಪೆಟ್ಟಿಗೆಯು ಇದನ್ನು ಸಾಮಾನ್ಯ ವಾದಕರ ಮನೆಗೆ ತಂದಿತು. ೨೦೦೬ರಲ್ಲಿ ಆಕ್ಸ್ ಎಫ್‌ಎಕ್ಸ್ ಬಂದಿತು. ಈಚೆಗೆ ಫಿನ್ಲೆಂಡಿನ ಕ್ವಾಡ್ ಕಾರ್ಟೆಕ್ಸ್ ಮುಂತಾದುವು ಬಂದಿವೆ. ಇವು ವಾಲ್ವಿನ ಆಂಪ್ಲಿಫೈಯರನ್ನು ಮಾತ್ರವಲ್ಲದೆ, ಅದರ ಹನ್ನೆರಡಂಗುಲದ ಸ್ಪೀಕರನ್ನೂ, ಆ ಸ್ಪೀಕರಿನ ಮುಂದಿಟ್ಟ ಮೈಕನ್ನೂ ಸಹ ಅನುಕರಿಸುವುವು. ಅಂದಮೇಲೆ ಈ ಪೆಟ್ಟಿಗೆಯಿಂದ ಹೊರಬರುವುದು ಹಸಿಯಾದ ಗಿಟಾರಿನ ಧ್ವನಿಯಲ್ಲ. ಒಗ್ಗರಣೆಯೂ ಮುಗಿದು ಬಡಿಸುವುದಕ್ಕೆ ಸಿದ್ಧವಾದ ಪದಾರ್ಥ.

ಇಲ್ಲಿಯೇ ಬಹು ಜನ ಎಡವುವರು. ಗಿಟಾರಿಗೆ ಗಿಟಾರಿನ ಸ್ಪೀಕರೇ ಬೇಕಲ್ಲವೆ ಎಂದು, ಹಳೆಯ ಮಾದರಿಯ ಹನ್ನೆರಡಂಗುಲದ ಪೆಟ್ಟಿಗೆಯನ್ನೇ ಮಾಡೆಲರಿಗೆ ಜೋಡಿಸುವರು. ಯಂತ್ರದೊಳಗೆ ಒಂದು ಸ್ಪೀಕರಿನ ಛಾಯೆ, ಹೊರಗೆ ಇನ್ನೊಂದು ಸ್ಪೀಕರು. ಕಾಚಂಪುಳಿ ಹಾಕಿ ಇಳಿಸಿದ ಪಂದಿಕರಿಗೆ ಮತ್ತೊಮ್ಮೆ ಕಾಚಂಪುಳಿ ಸುರಿದರೆ ಏನಾಗುವುದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಧ್ವನಿಯು ಮಂಕಾಗಿ, ಕಂಬಳಿಯನ್ನು ಹೊದಿಸಿದಂತೆ ಕೇಳುವುದು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಾಡೆಲರಿನೊಳಗಿನ ಸ್ಪೀಕರಿನ ಭಾಗವನ್ನು ತಿಳಿಯದೆ ಆರಿಸಿ, ಎಲ್ಲ ಸ್ವರಗಳನ್ನೂ ನುಡಿಯಬಲ್ಲ ಪೂರ್ಣ ವ್ಯಾಪ್ತಿಯ ಸ್ಪೀಕರಿಗೆ ಕೊಟ್ಟರೆ, ಮುಚ್ಚಿಡಬೇಕಾದ ಕರ್ಕಶತೆಯೆಲ್ಲ ಹೊರಗೆ ನುಗ್ಗುವುದು. ಕೆಣಕಿದ ಜೇನುಗೂಡಿನ ಮೊರೆತವನ್ನು ಕೇಳಿಬಲ್ಲ ಕಕ್ಕಬೆಯವರು ಅದನ್ನು ಒಡನೆ ಗುರುತಿಸುವರು. ಎಷ್ಟೋ ಜನ ಇದನ್ನು ಸ್ಪೀಕರಿನ ದೋಷವೆಂದು ಭ್ರಮಿಸಿ ಒಳ್ಳೆಯ ಸ್ಪೀಕರನ್ನು ಮಾರಿಬಿಟ್ಟಿರುವರು. ಮಾಡೆಲರಿನೊಳಗೆ ಒಂದು ಗುಂಡಿಯನ್ನು ಒತ್ತಿದ್ದರೆ ಸಾಕಾಗಿತ್ತು.

ಆದುದರಿಂದ ಮನೆಯ ಮಾಡೆಲರಿಗೆ ಬೇಕಾದುದು ತನ್ನದೆಂದು ಏನನ್ನೂ ಸೇರಿಸದೆ, ಕೊಟ್ಟದ್ದನ್ನು ಕೊಟ್ಟಂತೆ ಹೇಳುವ ಸ್ಪೀಕರು. ಅದರೊಳಗೇ ಆಂಪ್ಲಿಫೈಯರು ಅಡಕವಾಗಿರಬೇಕು; ಇಂಥದನ್ನೇ ಪವರ್ಡ್ ಸ್ಪೀಕರು ಎನ್ನುವುದು. ಧ್ವನಿಮುದ್ರಣದ ಕೋಣೆಗಳಲ್ಲಿ ಬಳಸುವ ಸಣ್ಣ ಸ್ಟುಡಿಯೋ ಮಾನಿಟರುಗಳು ಈ ಜಾತಿಯವು. ವೇದಿಕೆಗೆಂದೇ ಮಾಡಿದ, ಎಂಟು, ಹತ್ತು ಅಥವಾ ಹನ್ನೆರಡಂಗುಲದ ಪೂರ್ಣ ವ್ಯಾಪ್ತಿಯ ಪೆಟ್ಟಿಗೆಗಳೂ ಈ ಜಾತಿಯವೇ. ಪತ್ರ ಬರೆದವರಿಗೆ ಅಂಗಡಿಯವರು ತೋರಿಸಿದ್ದು ಪ್ರಾಯಶಃ ಎರಡನೆಯದು. ಅದು ಕೆಟ್ಟ ವಸ್ತುವೆಂದು ನಾವು ಹೇಳುವುದಿಲ್ಲ. ಬ್ಯಾಂಡಿನ ಡ್ರಮ್ಮಿನ ಪಕ್ಕದಲ್ಲಿ ನಿಂತು ನುಡಿಸುವವರಿಗೆ ಅದು ಬೇಕಾದುದೇ. ಆದರೆ ಮಲಗುವ ಕೋಣೆಯ ಗೋಡೆಯಾಚೆ ಅಜ್ಜಿಯಿರುವ ಮನೆಗೆ ಅದರಿಂದ ಪ್ರಯೋಜನವೇನು?

ವಾಟಿನ ಸಂಖ್ಯೆಯನ್ನು ಕಂಡು ಬೆರಗಾಗುವುದನ್ನು ಗೃಹಸ್ಥರು ಬಿಡಬೇಕು. ೨೦೦೦ ವಾಟ್ ಎಂಬುದು ಸಾಮಾನ್ಯವಾಗಿ ಕ್ಷಣಮಾತ್ರದ ಪರಮಾವಧಿಯ ಲೆಕ್ಕ. ನಿರಂತರವಾಗಿ ಅಷ್ಟು ಶಕ್ತಿ ಹೊರಡುವುದೆಂದು ಅರ್ಥವಲ್ಲ. ಇರಲಿ, ಮನೆಗೆ ಬೇಕಾದುದೆಷ್ಟು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಸಾಧಾರಣವಾದ ಒಂದು ಸ್ಪೀಕರು ೧ ವಾಟ್ ಶಕ್ತಿಗೆ ೧ ಮೀಟರು ದೂರದಲ್ಲಿ ೮೫ ಡೆಸಿಬೆಲ್ ಧ್ವನಿ ಕೊಡುವುದೆಂದು ಇಟ್ಟುಕೊಳ್ಳಿ. ಮನೆಯೊಳಗಿನ ಮಾತುಕತೆ ಸುಮಾರು ೬೦ ಡೆಸಿಬೆಲ್. ಅಭ್ಯಾಸಕ್ಕೆ ೭೫ ಡೆಸಿಬೆಲ್ ಧಾರಾಳವಾಯಿತು. ಅದಕ್ಕೆ ಬೇಕಾದುದು ಒಂದು ವಾಟಿನ ಹತ್ತನೆಯ ಒಂದು ಪಾಲು ಮಾತ್ರ! ತಂತಿಯನ್ನು ಜೋರಾಗಿ ಮೀಟಿದ ಕ್ಷಣಗಳಿಗೆ ಇನ್ನೂ ೧೫ ಡೆಸಿಬೆಲ್ ಹೆಚ್ಚು ಎಂದು ಹಿಡಿದರೂ ೩ ವಾಟ್ ಚಿಲ್ಲರೆಯಲ್ಲಿ ಮುಗಿಯುವುದು. ವಾಟುಗಳನ್ನು ಇಮ್ಮಡಿಸಿದರೆ ಏರುವುದು ೩ ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. ಹೀಗಿರಲಾಗಿ ೫೦ ವಾಟಿಗೂ ೧೦೦ ವಾಟಿಗೂ ನಡುವಿನ ಬೆಲೆಯ ಅಂತರವನ್ನು ತೆತ್ತು ಮನೆಯವರು ಪಡೆಯುವ ಲಾಭವು ಅತ್ಯಲ್ಪ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ಅಭಿಪ್ರಾಯದಲ್ಲಿ, ಹತ್ತು ಹನ್ನೆರಡು ಅಡಿಯ ಕೋಣೆಗೆ ಐದಂಗುಲದ ಸ್ಟುಡಿಯೋ ಮಾನಿಟರುಗಳ ಒಂದು ಜೋಡಿ ತಕ್ಕದ್ದು. ಯಮಾಹಾದ ಎಚ್.ಎಸ್. ೫, ಜೆ.ಬಿ.ಎಲ್.ನ ೩೦೫ ಇವು ಈ ವರ್ಗದಲ್ಲಿ ಪ್ರಸಿದ್ಧವಾದುವು. ಯಮಾಹಾದಲ್ಲಿ ಐದಂಗುಲದ ಕೋನಿಗೆ ೪೫ ವಾಟ್, ಒಂದಂಗುಲದ ಟ್ವೀಟರಿಗೆ ೨೫ ವಾಟ್, ಹೀಗೆ ಎರಡು ಆಂಪ್ಲಿಫೈಯರುಗಳಿವೆ. ಗೋಡೆಯ ಸಮೀಪದಲ್ಲಿಟ್ಟಾಗ ತಗ್ಗು ಸ್ವರಗಳನ್ನು ಇಳಿಸುವುದಕ್ಕೆ ಹಿಂಬದಿಯಲ್ಲಿ ಒಂದು ಸ್ವಿಚ್ಚೂ ಉಂಟು. ಗಿಟಾರಿನ ಅತ್ಯಂತ ತಗ್ಗಿನ ತಂತಿಯು ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸುವುದರಿಂದ ಐದಂಗುಲದ ಕೋನು ಅದನ್ನು ನಿರಾಯಾಸವಾಗಿ ನುಡಿಯಬಲ್ಲದು. ಎಂಟಂಗುಲದ್ದು ಇನ್ನೂ ಆಳಕ್ಕೆ ಇಳಿಯುವುದೇನೋ ಸರಿ. ಆದರೆ ಆ ಆಳದಲ್ಲಿ ಗಿಟಾರಿಗೆ ಕೆಲಸವಿಲ್ಲ, ಗೋಡೆ ದಾಟಿ ಅಜ್ಜಿಯ ಮಂಚಕ್ಕೆ ತಲಪುವುದೂ ಆ ತಗ್ಗು ಸ್ವರವೇ. ಮೂರೂವರೆ ಅಂಗುಲದ ಜೋಡಿಗಳು ಅಗ್ಗವಾಗಿ ದೊರೆಯುವುವು. ಮೇಜಿನ ಮೇಲಿಟ್ಟು ಹತ್ತಿರ ಕುಳಿತು ನುಡಿಸುವ ಎಳೆಯರಿಗೆ ಸಾಕಾದೀತು, ಆದರೆ ತಗ್ಗಿನ ತಂತಿಗಳು ಸೊರಗಿದಂತೆ ಕೇಳುವುವು. ಬೆಲೆ ವಿಚಾರಿಸುವಾಗ ಒಂದು ಎಚ್ಚರಿಕೆ ಬೇಕು: ಮಾನಿಟರುಗಳಲ್ಲಿ ಕೆಲವನ್ನು ಒಂಟಿಯಾಗಿಯೂ ಕೆಲವನ್ನು ಜೋಡಿಯಾಗಿಯೂ ಮಾರುವರು. ಹೇಳಿದ ಬೆಲೆ ಒಂದಕ್ಕೋ ಎರಡಕ್ಕೋ ಎಂದು ಕೇಳದೆ ಹಣ ಕೊಡಬಾರದು.

ಜೋಡಿಯೇ ಏಕೆ, ಗಿಟಾರು ಒಂದೇ ಅಲ್ಲವೆ ಎಂದರೆ, ಒಂದೇ ಸಾಕೆಂಬುದು ನಿಜ. ಹಣದ ಅಡಚಣೆಯಿದ್ದರೆ ಎರಡು ಕಳಪೆಯವಕ್ಕಿಂತ ಒಂದು ಒಳ್ಳೆಯದನ್ನು ಈಗ ಕೊಂಡು, ಮುಂದಿನ ಫಸಲಿಗೆ ಅದರ ಜೊತೆಯದನ್ನು ತರಬಹುದು. ಆದರೆ ಜೋಡಿಯಿದ್ದರೆ ಇಡೀ ಮನೆಗೆ ಉಪಯೋಗವುಂಟು. ಮಗಳು ನುಡಿಸದಿರುವಾಗ ಫೋನಿಗೆ ತಂತಿ ಜೋಡಿಸಿ ಹಾಡು ಕೇಳಬಹುದು, ರೇಡಿಯೋ ವಾರ್ತೆ ಕೇಳಬಹುದು. ಒಬ್ಬರಿಗಾಗಿ ತಂದ ವಸ್ತು ನಾಲ್ವರಿಗೆ ಒದಗಿದರೆ ಖರ್ಚಿನ ಬಗೆಗೆ ಮನೆಯಲ್ಲಿ ಮಾತು ಕಡಿಮೆಯಾಗುವುದು.

ಇರುವ ಬ್ಲೂಟೂತ್ ಸ್ಪೀಕರನ್ನೇ ಬಳಸಬಹುದಲ್ಲ ಎನ್ನುವವರಿಗೆ ಒಂದು ಮಾತು. ತಂತಿಯಿಲ್ಲದೆ ಬರುವ ಧ್ವನಿಯು ತಡವಾಗಿ ಬರುವುದು. ಸೆಕೆಂಡಿನ ಸಾವಿರದಲ್ಲಿ ೧೫೦ ಪಾಲು ತಡವಾಗುವುದು ಸಾಮಾನ್ಯ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವುದರಿಂದ, ಇದು ಗದ್ದೆಯ ಈ ಬದುವಿನಲ್ಲಿ ಕುಳಿತು ಐವತ್ತು ಮೀಟರು ಆಚೆಯ ಬದುವಿನಿಂದ ತನ್ನ ಧ್ವನಿಯನ್ನು ತಾನೇ ಕೇಳಿದಂತಾಗುವುದು. ಹಾಡು ಕೇಳುವವರಿಗೆ ಇದರಿಂದ ಬಾಧಕವಿಲ್ಲ. ನುಡಿಸುವವರ ತಾಳವು ಮಾತ್ರ ಕೆಟ್ಟುಹೋಗುವುದು. ಮಾಡೆಲರಿಗೂ ಸ್ಪೀಕರಿಗೂ ತಂತಿಯ ಸಂಬಂಧವೇ ಇರತಕ್ಕದ್ದು.

ಮದುವೆಯ ಸಭಾಂಗಣದಲ್ಲಿಯೋ ಮಡಿಕೇರಿಯ ದಸರಾದಲ್ಲಿಯೋ ಮಗಳಿಗೆ ನುಡಿಸುವ ಅವಕಾಶ ಬಂದರೆ ಸಣ್ಣ ಸ್ಪೀಕರು ಸಾಲದಲ್ಲ ಎಂಬ ಶಂಕೆಯೂ ಪತ್ರದಲ್ಲಿದೆ. ಅಂಥ ಕಡೆ ಸೌಂಡ್ ಸಿಸ್ಟಮ್ಮಿನವರು ಇದ್ದೇ ಇರುವರು. ಅವಳು ಮಾಡೆಲರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮಿಕ್ಸರಿಗೆ ಜೋಡಿಸಿದರೆ ತೀರಿತು. ಈ ಯಂತ್ರದ ದೊಡ್ಡ ಅನುಕೂಲವೇ ಅದು. ವರ್ಷಕ್ಕೆರಡು ದಿನದ ವೇದಿಕೆಗಾಗಿ ಉಳಿದ ದಿನಗಳೆಲ್ಲ ದೊಡ್ಡ ಪೆಟ್ಟಿಗೆಯನ್ನು ಮನೆಯಲ್ಲಿ ಸಾಕಬೇಕಾಗಿಲ್ಲ. ಆದರೆ ಒಂದನ್ನು ಅವಳು ಅರಿತಿರಬೇಕು. ೧೯೩೩ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿದಂತೆ, ಮೆಲುಧ್ವನಿಯಲ್ಲಿ ನಮ್ಮ ಕಿವಿಗೆ ತಗ್ಗು ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಆದುದರಿಂದ ರಾತ್ರಿ ಮೆಲ್ಲಗೆ ನುಡಿಸುತ್ತ ಇಂಪಾಗಿ ಹೊಂದಿಸಿದ ಧ್ವನಿಯು ವೇದಿಕೆಯ ಮೇಲೆ ಗುಡುಗಿದಂತಾಗುವುದು. ಮನೆಗೊಂದು, ಸಭೆಗೊಂದು, ಹೀಗೆ ಎರಡು ಹೊಂದಾಣಿಕೆಗಳನ್ನು ಮಾಡೆಲರಿನಲ್ಲಿ ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಲೇಸು.

ಇನ್ನು ಕೋಣೆಯ ವಿಚಾರ. ಸ್ಪೀಕರಿಗೆ ಕೊಡುವ ಹಣಕ್ಕಿಂತ ಅದನ್ನಿಡುವ ಸ್ಥಳವೇ ಮುಖ್ಯವೆಂದು ನಾವು ತಿಳಿಯುತ್ತೇವೆ. ಹಳೆಯ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಂಥ ವಿಶಾಲವಾದ ಸ್ಥಳದಲ್ಲಿ ಧ್ವನಿಯು ಹರಡಿಕೊಳ್ಳುವುದು. ಅದು ದೀಪವಿಡುವ ತಾವಾದುದರಿಂದ ಅಲ್ಲಿ ಇದನ್ನು ಹೂಡಲು ಹಿರಿಯರು ಒಪ್ಪುವ ಸಂಭವ ಕಡಿಮೆ. ಈಗಿನ ಚದರ ಕೋಣೆಗಳ ಕಥೆ ಬೇರೆ. ಹತ್ತಡಿ ಉದ್ದದ ಕೋಣೆಯಲ್ಲಿ, ಎದುರು ಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು ೧೧೨ ಕಂಪನಗಳ ಧ್ವನಿಯು ತಾನೇ ತಾನಾಗಿ ಉಬ್ಬಿ ನಿಲ್ಲುವುದು. ಗಿಟಾರಿನ ಐದನೆಯ ತಂತಿಯ ಕಂಪನ ೧೧೦. ಆ ತಂತಿಯನ್ನು ಮೀಟಿದಾಗ ಮಾತ್ರ ಕೋಣೆಯೆಲ್ಲ ಗುಂಯ್‌ಗುಟ್ಟಿದರೆ ದೋಷವು ಸ್ಪೀಕರಿನದಲ್ಲ, ಗೋಡೆಗಳದು. ಕುರ್ಚಿಯನ್ನೋ ಸ್ಪೀಕರನ್ನೋ ಎರಡಡಿ ಸರಿಸಿ ನೋಡಬೇಕು. ಬಹುಪಾಲು ಅಷ್ಟಕ್ಕೇ ಶಮನವಾಗುವುದು. ಮೂಲೆಯಲ್ಲಂತೂ ಇಡಲೇಬಾರದು, ಅಲ್ಲಿ ತಗ್ಗು ಸ್ವರಗಳು ಶೇಖರವಾಗುವುವು. ಹಿಂಬದಿಯಲ್ಲಿ ರಂಧ್ರವುಳ್ಳ ಸ್ಪೀಕರನ್ನು ಗೋಡೆಗೆ ಒತ್ತಿಡದೆ ಒಂದಡಿಗೆ ಕಡಿಮೆಯಿಲ್ಲದಂತೆ ಮುಂದಕ್ಕೆ ಇಡಬೇಕು. ಎರಡು ಸ್ಪೀಕರುಗಳೂ ನುಡಿಸುವವರ ತಲೆಯೂ ಸಮಭುಜ ತ್ರಿಕೋನದ ಮೂರು ಮೂಲೆಗಳಂತಿರಲಿ. ಟ್ವೀಟರು ಕಿವಿಯ ಮಟ್ಟದಲ್ಲಿರಲಿ. ಹತ್ತಿರ ಕುಳಿತಷ್ಟೂ ಮೆಲ್ಲನೆಯ ಧ್ವನಿ ಸಾಕಾಗುವುದು. ಎರಡು ಮೀಟರಿನಿಂದ ಒಂದು ಮೀಟರಿಗೆ ಬಂದರೆ ಸ್ಪೀಕರಿನಿಂದ ನೇರವಾಗಿ ಬರುವ ಧ್ವನಿಯು ೬ ಡೆಸಿಬೆಲ್ ಏರುವುದು. ಇದು ಖರ್ಚಿಲ್ಲದೆ ದೊರೆಯುವ ಲಾಭ.

ಮರದ ಅಟ್ಟದ ಮೇಲೆ ಇಡುವುದಾದರೆ ಸ್ಪೀಕರಿನಡಿ ದಪ್ಪನಾದ ರಬ್ಬರು ಅಥವಾ ಸ್ಪಂಜಿನ ಮೆತ್ತೆ ಅವಶ್ಯವಾಗಿ ಬೇಕು. ಇಲ್ಲವಾದರೆ ಹಲಗೆಯೇ ದುಡಿಯಂತೆ ಬಡಿದುಕೊಂಡು ಕೆಳಗಿನವರಿಗೆ ಕೇಳಿಸುವುದು. ರೆಡ್ ಆಕ್ಸೈಡಿನ ನುಣುಪು ನೆಲದ ಮೇಲೆ ಕಂಬಳಿ ಹಾಸಬೇಕು. ಪುಸ್ತಕದ ಬೀರು, ದಪ್ಪನೆಯ ಪರದೆ, ಹಾಸಿಗೆ ಇವೆಲ್ಲ ಪ್ರತಿಧ್ವನಿಯನ್ನು ಹೀರುವುವು. ಇವುಗಳಿಂದ ಕೋಣೆಯೊಳಗಿನ ಧ್ವನಿ ಹಸನಾಗುವುದೇ ಹೊರತು ಪಕ್ಕದ ಕೋಣೆಗೆ ಹೋಗುವ ಧ್ವನಿ ನಿಲ್ಲುವುದಿಲ್ಲ. ಅದನ್ನು ತಡೆಯುವುದು ಗೋಡೆಯ ತೂಕ ಮತ್ತು ಬಾಗಿಲ ಸಂದನ್ನು ಮುಚ್ಚುವ ಜಾಗರೂಕತೆ.

೨೦೦೦ನೆಯ ವರ್ಷದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಲ್ಲಿ ಹಗಲಿಗೆ ೫೫, ರಾತ್ರಿಗೆ ೪೫ ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆದರೆ ಬೇಸಗೆಯ ರಾತ್ರಿ ಕಕ್ಕಬೆಯಂಥ ಕಣಿವೆಯ ಊರಿನಲ್ಲಿ ಎಲೆ ಬಿದ್ದರೂ ಕೇಳುವ ಮೌನವಿರುವಾಗ, ಕಾನೂನಿಗಿಂತ ಮೊದಲು ಅತಿಥಿಗಳೇ ದೂರು ಹೇಳುವರು. ಒಂಬತ್ತು ಗಂಟೆಯ ತರುವಾಯ ಹೆಡ್‌ಫೋನು ಎಂಬ ಕಟ್ಟಳೆಯನ್ನು ಮನೆಯಲ್ಲಿ ಹಾಕಿಕೊಂಡರೆ ಎಲ್ಲರಿಗೂ ಕ್ಷೇಮ. ಮಾಡೆಲರಿಗೆ ಹೆಡ್‌ಫೋನಿನ ಕಿಂಡಿ ಸಾಮಾನ್ಯವಾಗಿ ಇದ್ದೇ ಇರುವುದು. ಅದರಲ್ಲಿಯೂ ಮಿತಿ ಬೇಕು. ೮೫ ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಮೇಲೆ ಪ್ರತಿ ೩ ಡೆಸಿಬೆಲ್ಲಿಗೂ ಕಾಲವು ಅರ್ಧವಾಗುತ್ತ ೯೪ಕ್ಕೆ ಒಂದೇ ಗಂಟೆ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂಚನೆಯಿದೆ. ಎಳೆಯರ ಕಿವಿ ಒಮ್ಮೆ ಕೆಟ್ಟರೆ ಮರಳಿ ಬರುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮಲೆನಾಡಿನ ಮನೆಗಳಿಗೆ ಪ್ರತ್ಯೇಕವಾದ ಎಚ್ಚರ ಬೇಕು. ಮಾಡೆಲರನ್ನೂ ಸ್ಪೀಕರುಗಳನ್ನೂ ಒಂದೇ ಪ್ಲಗ್ಗಿನ ಹಲಗೆಯಿಂದ ನಡೆಸಬೇಕು. ಬೇರೆಬೇರೆ ಗೋಡೆಗಳಿಂದ ವಿದ್ಯುತ್ತನ್ನು ತೆಗೆದರೆ ಅರ್ಥಿಂಗಿನ ಸುತ್ತು ಉಂಟಾಗಿ ಸದಾ ಗುಂಯ್ ಎನ್ನುತ್ತಿರುವುದು. ಆ ಸದ್ದನ್ನು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಕತ್ತರಿಸುವವರುಂಟು; ಇದು ಪ್ರಾಣಾಪಾಯದ ಕೆಲಸ. ಗಿಟಾರಿನ ತಂತಿಗಳಿಗೂ ಆ ಅರ್ಥಿಂಗಿಗೂ ಸಂಬಂಧವಿದೆ, ಅದನ್ನು ಹಿಡಿದಿರುವುದು ಮನೆಯ ಮಗುವಿನ ಕೈ. ಮೂರು ಎಳೆಯ ಬ್ಯಾಲೆನ್ಸ್ಡ್ ಕೇಬಲ್ಲನ್ನು ಬಳಸುವುದೇ ಸರಿಯಾದ ಪರಿಹಾರ. ಅಗ್ಗದ ಇನ್‌ವರ್ಟರಿನ ಚೌಕಾಕಾರದ ಅಲೆಯಿಂದಲೂ ಇಂಥ ಮೊರೆತ ಬರುವುದು. ಕರೆಂಟು ಹೋದಾಗ ಮಾತ್ರ ಸದ್ದು ಕೇಳಿದರೆ ಕಾರಣ ಅದೇ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಕೊಳ್ಳುವ ಮೊದಲು ಕೇಳಿ ನೋಡುವುದು ಉತ್ತಮ. ಮಗಳು ಮೈಸೂರಿಗೋ ಬೆಂಗಳೂರಿಗೋ ಹೋಗುವ ದಿನ ಮಾಡೆಲರನ್ನೂ ಗಿಟಾರನ್ನೂ ಜೊತೆಗೆ ಒಯ್ಯಲಿ. ಅಂಗಡಿಯವರು ದೊಡ್ಡ ಧ್ವನಿಯಲ್ಲಿ ತೋರಿಸಲು ಇಷ್ಟಪಡುವರು. ದೊಡ್ಡ ಧ್ವನಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುವುದು. ಮಾತಿನ ಮಟ್ಟಕ್ಕೆ ಇಳಿಸಿ ನುಡಿಸಿ ಕೇಳಬೇಕು. ಆಮೇಲೆ ಕೈ ನಿಲ್ಲಿಸಿ, ಟ್ವೀಟರಿನಿಂದ ಬರುವ ಸುಯ್ ಎಂಬ ಸದ್ದು ಎಷ್ಟೆಂದು ಗಮನಿಸಬೇಕು. ಅಂಗಡಿಯ ಗಲಾಟೆಯಲ್ಲಿ ಕೇಳದಿದ್ದುದು ಮನೆಯ ಮೌನದಲ್ಲಿ ಕಾಡುವುದು. ಅಂಚೆಯಲ್ಲಿ ತರಿಸಿದರೆ ರಟ್ಟಿನ ಪೆಟ್ಟಿಗೆಯನ್ನು ಒಂದು ವರ್ಷವಾದರೂ ಅಟ್ಟದಲ್ಲಿ ಜೋಪಾನವಾಗಿಟ್ಟಿರಬೇಕು, ದುರಸ್ತಿಗೆ ಹಿಂದೆ ಕಳುಹಿಸಬೇಕಾದರೆ ಬೇರೆ ಪೆಟ್ಟಿಗೆ ಹೊಂದುವುದಿಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಂಚಿನ ಮೇಲೆ, ಅದಕ್ಕಿಂತ ಶೀಟಿನ ಮೇಲೆ, ಸುರಿಯುವ ಮಳೆಯ ಸದ್ದಿನ ಜೊತೆ ಸ್ಪರ್ಧೆಗೆ ಹೋಗಿ ಧ್ವನಿಯನ್ನು ಏರಿಸಬಾರದು. ಆ ಸಂಜೆಗಳಿಗೆ ಹೆಡ್‌ಫೋನೇ ಲೇಸು. ಆದರೂ ವಾರದಲ್ಲಿ ಎರಡು ಮೂರು ಸಲ ಅರ್ಧ ಗಂಟೆ ಸ್ಪೀಕರುಗಳನ್ನು ನಡೆಸಿದರೆ ಒಳಗಿನ ಬಿಸಿಗೆ ತೇವವು ಆರುವುದು. ಉಳಿದ ವೇಳೆ ಹತ್ತಿಯ ಬಟ್ಟೆ ಹೊದಿಸಬೇಕು. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರು ಹಿಡಿದು, ಆಗಸ್ಟಿನ ಹೊತ್ತಿಗೆ ಕಾಗದದ ಕೋನಿನ ಮೇಲೆ ಬೂಷ್ಟು ಬೆಳೆದಿರುವುದು.